ಕತ್ತರಿ ಹಾಕುವ ಮುಂಚೆ

ರಾಯದುರ್ಗದಿಂದ ಬಳ್ಳಾರಿಗೆ ಹೊರಟ ಬಸ್ಸಿನಲ್ಲಿ ಪಕ್ಕದ ಹೆಣ್ಣುಮಗಳು ಸ್ಕ್ಯಾನಿಂಗ್ ರಿಪೋರ್ಟನ್ನು ನನ್ನ ಕೈಗಿಟ್ಟು, "ಓದಿ ಹೇಳ್ರಿ ಸಾರ್" ಅಂದಳು. ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಕೆಲಸ, ಮೂವತ್ತೈದರ ಆಸುಪಾಸು. ಮುಟ್ಟು ಹತ್ತು ದಿನವಾದರೂ ನಿಲ್ಲುತ್ತಿರಲಿಲ್ಲವಂತೆ. ಗರ್ಭಕೋಶ ತೆಗೆಯಲು ಡಾಕ್ಟರು ಸೋಮವಾರ ಗೊತ್ತುಮಾಡಿದ್ದರು, ಮನೆಯವರೂ ಒಪ್ಪಿದ್ದರು.

ಕಾಲೇಜಿನಲ್ಲಿ ಗಂಟಲು ಹರಿಯುವಂತೆ ಪಾಠ ಮಾಡಿದವನು ನಾನು, 'ಗರ್ಭಕೋಶ' ಬಂದಾಗ ಪಿಸುಗುಟ್ಟಿದೆ.

"ಜೋರಾಗಿ ಹೇಳ್ರಿ, ಬಸ್ಸಿನ ಸದ್ದಿನಾಗ ಕೇಳ್ಸವಲ್ದು."

"ಸಣ್ಣ ಗಡ್ಡೆ ಇದೆಯಂತಮ್ಮ. ಡಾಕ್ಟರು ಹೇಳಿದ ಮೇಲೆ ಮುಗೀತಲ್ಲ, ತೆಗೆಸಿಬಿಡು."

"ಹೆಂಗ್ ಮುಗೀತದ್ರಿ? ನಮ್ ಯೂನಿಟ್ನಾಗ ಬಟ್ಟಿಗೆ ಮಾರ್ಕ್ ಹಾಕಿದ ಮ್ಯಾಲ ಇನ್ನೊಬ್ಬ ಮಾಸ್ಟರ್ ಬಂದು ಅಳತಿ ನೋಡ್ತಾನ. ಆಮ್ಯಾಲ ಕತ್ರಿ. ಪ್ಯಾಂಟಿಗೇ ಅಷ್ಟು ನೋಡ್ತಾರ, ನನ್ ಹೊಟ್ಟಿಗೆ ಬ್ಯಾಡೇನ್ರಿ? ಅದಕ್ಕ ದೊಡ್ಡಾಸ್ಪತ್ರಿಗೆ ಹೊಂಟೀನಿ. ಮಾತ್ರಿಗೆ ನಿಲ್ತೈತೇನು ಕೇಳ್ತೀನಿ. ಅವ್ರೂ ತೆಗೀಬೇಕು ಅಂದ್ರ ತೆಗಸ್ತೀನಿ."

ನನಗೆ ಎಷ್ಟು ಖುಷಿಯಾಯಿತೆಂದರೆ, ಡಾಕ್ಟರನ್ನು ಕೇಳಬೇಕಾದ ಪ್ರಶ್ನೆಗಳನ್ನು ರಿಪೋರ್ಟಿನ ಕವರಿನ ಹಿಂದೆ ಬರೆದುಕೊಟ್ಟೆ.

"ನೀವು ಯಾಕ ಹೊಂಟೀರಿ?"

"ಪ್ರಾಸ್ಟೇಟ್ ಆಪರೇಷನ್. ಸಂಜೆ ಅಡ್ಮಿಟ್ ಆಗ್ಬೇಕು."

"ಇನ್ನೊಬ್ರಿಗೆ ತೋರ್ಸೀರೇನ್ರಿ?"

ಅಂಥದೇ ಪ್ರಶ್ನೆಗಳನ್ನು ನನ್ನ ರಿಪೋರ್ಟಿನ ಹಿಂದೆಯೂ ಬರೆದುಕೊಂಡೆ. ಬಳ್ಳಾರಿಯಲ್ಲಿ ಇಳಿದವನೇ ಅವಳ ಹಿಂದೆ ದೊಡ್ಡಾಸ್ಪತ್ರೆಗೆ ಹೋಗಿ ಗಂಡಸರ ಸಾಲಿನಲ್ಲಿ ನಿಂತೆ.

ಮಧ್ಯಾಹ್ನ ಹೊರಗೆ ಸಿಕ್ಕಳು. ಸದ್ಯಕ್ಕೆ ಆಪರೇಷನ್ ಬೇಡ, ಮೂರು ತಿಂಗಳು ಮಾತ್ರೆ ನೋಡೋಣ ಅಂದರಂತೆ. ನನಗೆ ಮಾತ್ರ ಆಪರೇಷನ್ನೇ ಆಗಬೇಕಂತೆ. ಆದರೆ ಯಾಕೆ ಅನ್ನುವುದು ಈಗ ನನಗೂ ಗೊತ್ತು.