ಹಳದಿ ಕಂಬ ನಿಂತಿದ್ದ ಜಾಗ

ಬಂಕಾಪುರದ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಕೂತು ನಾನು ಗ್ಯಾಸ್ ಪೈಪ್‌ಲೈನಿನ ಡೇಟಾ ವೇರ್‌ಹೌಸ್ ಕಟ್ಟುತ್ತೇನೆ. ನೆಲದಡಿ ಹರಿಯುವ ಗ್ಯಾಸಿನ ಒತ್ತಡ, ಕೊಳವೆಯ ದಪ್ಪ, ಅದು ಹಾದ ಜಾಗ, ಎಲ್ಲ ಮಾಹಿತಿಯೂ ಒಂದೇ ಉಗ್ರಾಣದಲ್ಲಿ ಹೊಂದಿಕೊಂಡು ಕೂರಬೇಕು. ನಮ್ಮ ಅತ್ತೆಗೆ ಇದೊಂದೂ ತಲೆಗೆ ಹೋಗುವುದಿಲ್ಲ. “ಸೊಸಿ ಗ್ಯಾಸಿನ ಕೆಲಸದಾಗ ಅದಾಳ, ನಮ್ಮ ಸಿಲಿಂಡರ್ ಮಾತ್ರ ಟೈಮಿಗೆ ಬರಂಗಿಲ್ಲ ನೋಡ್ರಿ” ಎಂದು ಬಂದವರ ಮುಂದೆಲ್ಲ ಹೇಳುತ್ತಾರೆ.

ನನಗಂತೂ ಆ ಕೊಳವೆ ಇವತ್ತಿಗೂ ಬೆರಗೇ. ಅದರ ಹೊಟ್ಟೆಯೊಳಗೆ ಒಂದು ಯಂತ್ರ ಬಿಡುತ್ತಾರೆ. ಗ್ಯಾಸೇ ಅದನ್ನು ನೂಕಿಕೊಂಡು ಹೋಗುತ್ತದೆ. ಕತ್ತಲಲ್ಲಿ ಊರೂರು ದಾಟುತ್ತ ಅದು ಪ್ರತಿ ತಿರುವು, ಪ್ರತಿ ಬೆಸುಗೆ ಎಲ್ಲಿದೆಯೆಂದು ದಾಖಲಿಸಿಕೊಳ್ಳುತ್ತದೆ. ಮೇಲೆ ನಮ್ಮ ಮಂದಿ ಹತ್ತಿ ಬಿಡಿಸುತ್ತಿರುತ್ತಾರೆ. ಅಬ್ಬಾ!

ತಕರಾರು ಎದ್ದದ್ದು ಅಲ್ಲೇ. ಕೊಳವೆ ಇಲ್ಲಿದೆಯೆಂದು ಯಂತ್ರ ಹೇಳುವ ಜಾಗ ಒಂದು. ಗುರುತಿಗೆ ಹೊಲದಲ್ಲಿ ನೆಟ್ಟ ಹಳದಿ ಕಂಬಗಳನ್ನು ನಡೆದು ನೋಡಿದವರು ಬರೆದ ಜಾಗ ಕೆಲವು ಕಡೆ ಇನ್ನೊಂದು. “ಕಣ್ಣಿಗೆ ಕಾಣೋ ಕಂಬಾನೇ ನಿಜ ಮೇಡಂ, ಇನ್ನೊಂದನ್ನ ಅಳಿಸಿಬಿಡಿ” ಎಂದ ಜೊತೆ ಕೆಲಸದವ. ಅಳಿಸುವುದೆಂದರೆ ಅಷ್ಟು ಸಲೀಸೇ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ಹಟ ಹಿಡಿದು ಎರಡನ್ನೂ ಇಟ್ಟೆ. ಎಲ್ಲಿ ತಾಳೆಯಾಗದೋ ಅಲ್ಲಿ ನಕ್ಷೆಯ ಮೇಲೆ ಕೆಂಪು ಚುಕ್ಕೆ ಬೀಳುವಂತೆ ಮಾಡಿದೆ.

ಕಳೆದ ಬೇಸಿಗೆಯ ಒಂದು ಬೆಳಗ್ಗೆ ಹತ್ತಿಮತ್ತೂರಿನ ನಮ್ಮ ತವರಿನ ಹೊಲದಿಂದಲೇ ಅವ್ವ ಫೋನ್ ಮಾಡಿದಳು. ತಮ್ಮ ತನ್ನ ಜೆಸಿಬಿಯಲ್ಲಿ ಕೃಷಿಹೊಂಡ ತೋಡುತ್ತಿದ್ದನಂತೆ. “ಭಾಳ ಶ್ಯಾಣ್ಯಾ ಅದಾನ. ಪೈಪಿನ ಕಂಬಕ್ಕ ದೂರ ಇರಲಿ ಅಂತ ನಡುಹೊಲದಾಗ ತೋಡಾಕತ್ತಾನ” ಎಂದು ಹಿಗ್ಗಿದಳು.

ಫೋನ್ ಇಟ್ಟು ಕೆಂಪು ಚುಕ್ಕೆಗಳನ್ನು ಒಂದೊಂದಾಗಿ ತೆರೆಯುತ್ತ ಹೋದೆ. ಒಂದರ ಪಕ್ಕ ನಮ್ಮ ಬೇವಿನ ಮರ, ನಮ್ಮ ಪಂಪಿನ ಮನೆ. ಕಂಬ ಬದುವಿನ ಮೇಲೆ, ಕೊಳವೆ ನಡುಹೊಲದಲ್ಲಿ. ಕೂಡಲೇ ತಮ್ಮನಿಗೆ ಫೋನ್ ಮಾಡಿದೆ.

ಅವನು ಎತ್ತಲಿಲ್ಲ. ಆ ಸದ್ದಿನಲ್ಲಿ ಕೇಳಿಸುವುದಾದರೂ ಹೇಗೆ? ಅವ್ವನಿಗೆ ಮಾಡಿದೆ.

“ಅವ್ವಾ, ಆ ಹಳದಿ ಕಂಬ ಮೊದಲ ಎಲ್ಲಿತ್ತು?”

“ನಡುಹೊಲದಾಗ ಇತ್ತವ್ವಾ. ಟ್ರ್ಯಾಕ್ಟರಿಗೆ ಅಡ್ಡ ಬರ್ತೈತಿ ಅಂತ ನಿಮ್ಮಪ್ಪ ಕಿತ್ತು ಬದುವಿನ ಮ್ಯಾಲ ಚಂದಂಗ ನೆಟ್ಟಾರ. ಯಾಕ?”

“ಓಡವ್ವಾ! ಗಾಡಿ ಬಂದ್ ಮಾಡಸು! ಅಂವ ತೋಡಾಕತ್ತಿರೋ ಜಾಗದ ತೆಳಗ ಗ್ಯಾಸ್ ಐತಿ!”

ಫೋನ್ ಹಿಡಿದೇ ಅವ್ವ ಓಡಿದಳು. ಏದುಸಿರು, ಬಳೆಯ ಸದ್ದು, ತಮ್ಮನಿಗೆ ಬೈಗುಳ. ಆಮೇಲೆ ಎಂಜಿನ್ ನಿಂತದ್ದು ಕೇಳಿಸಿತು. ಕೂತಲ್ಲೇ ಗಳಗಳ ಅತ್ತುಬಿಟ್ಟೆ.

ಪೈಪ್‌ಲೈನಿನವರಿಗೆ ತಿಳಿಸಿ, ಸಿಕ್ಕ ಬಸ್ಸು ಹಿಡಿದು ನಾನೂ ಹೋದೆ. ಅವರು ಕೊಳವೆ ಪತ್ತೆ ಮಾಡುವ ಯಂತ್ರ ಹಿಡಿದು ನಡೆದರು. ಗುಂಡಿಯಲ್ಲಿ ಜೆಸಿಬಿ ಬಕೆಟ್ಟಿನ ಹಲ್ಲು ಊರಿದ್ದಲ್ಲಿಗೆ ಬಂದಾಗ ಅದು ಕಿರುಚಿತು. ಕತ್ತಲಲ್ಲಿ ತೂರಿಹೋದ ಯಂತ್ರ ಹೇಳಿದ್ದ ಜಾಗವೇ ಅದು, ಒಂದು ಗೇಣೂ ಆಚೀಚೆ ಇಲ್ಲ.

ಅವರಲ್ಲೊಬ್ಬ ಕೈಯಿಂದಲೇ ಮಣ್ಣು ಸರಿಸಿದ. ಕೊಳವೆಯ ಮೇಲೆ ಹಾಸುವ ಎಚ್ಚರಿಕೆಯ ಪಟ್ಟಿ ಕಂಡಿತು. ಬಕೆಟ್ಟಿಗೆ ಸಿಕ್ಕು ಆಗಲೇ ಹರಿದಿತ್ತು.

ಅವ್ವನ ತೋಳನ್ನು ತಮ್ಮ ಹಿಡಿದುಕೊಂಡ.

“ನೀ ಓಡಿ ಬಂದಾಗ, ಇನ್ನೊಂದ ಬಕೆಟ್ ಎತ್ತಿ ಊಟಕ್ಕ ಬರ್ತೇನಿ ಅಂದಿದ್ನಲ್ಲವ್ವಾ” ಎಂದ.