ಎಲೆಯಿಲ್ಲದ ಬಾಟಲಿ

ಪ್ರಯೋಗಾಲಯದಲ್ಲಿ ಅವಳಿಗೆ ಸೊಪ್ಪಮ್ಮ ಎಂದೇ ಹೆಸರು. ಹತ್ತೊಂಬತ್ತು ವರ್ಷಗಳಿಂದ ಅದೇ ಕೆಲಸ: ಔಷಧಿ ಗಿಡದ ಎಲೆಗಳನ್ನು ನೆರಳಲ್ಲಿ ಒಣಗಿಸಿ ಪುಡಿ ಮಾಡುವುದು, ಮೂರು ದಿನ ಆಲ್ಕೋಹಾಲಿನಲ್ಲಿ ನೆನೆಸಿ ಸೋಸುವುದು, ಆಮೇಲೆ ಬಿಸಿನೀರಿನ ಯಂತ್ರದಲ್ಲಿ ತಿರುಗಿಸುತ್ತ ಆಲ್ಕೋಹಾಲನ್ನೆಲ್ಲ ಹಾರಿಸಿ, ತಳದಲ್ಲಿ ಉಳಿದ ಕಡುಹಸಿರು ಅಂಟನ್ನು ಬಾಟಲಿಗೆ ತುಂಬುವುದು. ಅದು ವೈರಸ್ಸನ್ನು ತಡೆಯುತ್ತದೋ ಇಲ್ಲವೋ ನೋಡುವುದು ಒಳಕೋಣೆಯವರ ಪಾಲು. ಇನ್ನೂರಕ್ಕೂ ಹೆಚ್ಚು ಗಿಡಗಳು ಅವಳ ಕೈ ದಾಟಿ ಹೋಗಿದ್ದವು. ಒಂದೂ ತಡೆದಿರಲಿಲ್ಲ.

ಈ ವರ್ಷ ಒಂದು ತಡೆಯಿತು. ತುಟಿಯ ಮೇಲೆ ಹುಣ್ಣೆಬ್ಬಿಸುವ ವೈರಸ್ಸು ಆ ಎಲೆಯ ರಸದಲ್ಲಿ ಹತ್ತು ನಿಮಿಷ ಇದ್ದರೆ ಸಾಕು, ಮತ್ತೆ ತಲೆಯೆತ್ತುತ್ತಿರಲಿಲ್ಲ. ಸಂಶೋಧನೆಯ ಹುಡುಗಿ ಕುಣಿದಾಡಿದಳು. ಐದು ವರ್ಷದ ಅವಳ ದುಡಿತಕ್ಕೆ ಕೊನೆಗೂ ದಡ ಕಂಡಿತ್ತು. ಪ್ರೊಫೆಸರು ಲೇಖನ ಬರೆದು ಮುಗಿಸಿದ್ದರು; ಶುಕ್ರವಾರ ಅದನ್ನು ವಿಜ್ಞಾನ ಪತ್ರಿಕೆಗೆ ಕಳಿಸುವುದಿತ್ತು. ಮನೆಯಲ್ಲಿ ಗಂಡ, "ಅಂತೂ ನಿನ್ನ ಸೊಪ್ಪಿಗೂ ಕಾಲ ಬಂತು. ಒಂಚೂರು ತಂದ್ಕೊಡೇ, ನನ್ನ ನೆಗಡಿ ಮೇಲೂ ಪ್ರಯೋಗ ಆಗ್ಲಿ" ಎಂದು ಕಾಡಿದ.

ಅವಳಿಗೆ ನಗು ಬರಲಿಲ್ಲ. ಆ ಬಾಟಲಿಯ ಮುಚ್ಚಳ ತೆಗೆದಾಗಲೆಲ್ಲ ಎಲೆಯ ಒಗರಿನ ಹಿಂದೆ ಇನ್ನೊಂದು ವಾಸನೆ ಮೂಗಿಗೆ ಬಡಿಯುತ್ತಿತ್ತು. ಅದನ್ನು ಮಾಡಿದ ತಿಂಗಳು ಯಂತ್ರ ಕೆಟ್ಟು ನೀರು ಸರಿಯಾಗಿ ಕಾಯುತ್ತಿರಲಿಲ್ಲ. "ಬೇಗ ಅಕ್ಕ, ಬೇಗ" ಎಂದು ಹುಡುಗಿ ಬಾಗಿಲಲ್ಲೇ ನಿಂತಿರುತ್ತಿದ್ದಳು. ಅಂಟು ಗಟ್ಟಿಯಾದಂತೆ ಕಂಡದ್ದೇ ತಡ, ಇವಳು ಇಳಿಸಿಬಿಟ್ಟಿದ್ದಳು. ಎಲೆಯ ರಸದೊಂದಿಗೆ ಹೋಲಿಸಿ ನೋಡಲು ಹುಡುಗಿ ಇಟ್ಟಿದ್ದಾದರೂ ಬರೀ ನೀರು, ಆಲ್ಕೋಹಾಲಲ್ಲ.

ಸೋಮವಾರ ಅವಳು ಯಾರಿಗೂ ಹೇಳದೆ ಎರಡು ಬಾಟಲಿ ಮಾಡಿದಳು. ಒಂದರಲ್ಲಿ ಎಲೆಯೇ ಇಲ್ಲ, ಅಂದಿನಂತೆಯೇ ಅರೆಬರೆ ಹಾರಿಸಿ ಉಳಿದ ಆಲ್ಕೋಹಾಲು. ಇನ್ನೊಂದರಲ್ಲಿ ಅದೇ ಎಲೆಯ ಅಂಟು, ವಾಸನೆ ಪೂರ್ತಿ ಹೋಗುವ ತನಕ ಮತ್ತೆ ಒಣಗಿಸಿದ್ದು.

"ಏನಕ್ಕ ಇದು?"

"ಒಂದ್ಸಲ ನೋಡೇ. ನನ್ನ ಸಮಾಧಾನಕ್ಕೆ."

ಗುರುವಾರ ಮಧ್ಯಾಹ್ನ ಹುಡುಗಿ ಹೊರಬಂದಾಗ ಮುಖದಲ್ಲಿ ರಕ್ತವಿರಲಿಲ್ಲ. ಎಲೆಯಿಲ್ಲದ ಬಾಟಲಿ ವೈರಸ್ಸನ್ನು ಕೊಂದಿತ್ತು. ಎಲೆಯಿದ್ದದ್ದು ಏನೂ ಮಾಡಿರಲಿಲ್ಲ.

ಹುಡುಗಿ ಕೈಗವಸು ಕಿತ್ತು ತೊಟ್ಟಿಯ ಅಂಚಿಗೆ ಎಸೆದಳು.

"ಇದನ್ನ ಮಾಡದೇ ಇದ್ದಿದ್ರೆ ಏನಾಗ್ತಿತ್ತಕ್ಕ?" ಹುಡುಗಿಯ ದನಿಯಲ್ಲಿ ಸಿಟ್ಟಿತ್ತು.

"ನಂಗೆ ನಿದ್ದೆ ಬರ್ತಿರ್ಲಿಲ್ಲ. ಈಗ್ಲೇ ಕಮ್ಮಿ."

ಹುಡುಗಿ ಅತ್ತಳು, ಆಮೇಲೆ ಮುಖ ತೊಳೆದಳು. "ಸರ್‌ಗೆ ಯಾರು ಹೇಳೋದು?"

"ಅರೆಬರೆ ಒಣಗಿಸ್ದೋಳು ನಾನು, ನಾನೇ ಹೇಳ್ತೀನಿ. ನೀನೂ ಬಾ. ಬೈಗುಳ ಅರ್ಧರ್ಧ ಆಗುತ್ತೆ."

ಪ್ರೊಫೆಸರ ಕೋಣೆಗೆ ಮೆಟ್ಟಿಲು ಹತ್ತುವಾಗ ಸೊಪ್ಪಮ್ಮನ ಮೊಣಕಾಲು ಹಿಡಿದುಕೊಂಡಿತು. ಕಂಬಿ ಹಿಡಿದು, ಮೆಟ್ಟಿಲಿಗೊಮ್ಮೆ ನಿಂತು ಹತ್ತಿದಳು. ಪ್ರೊಫೆಸರು ಫೋನಿನಲ್ಲಿ ಯಾರಿಗೋ ಆ ಎಲೆಯ ವಿಷಯವನ್ನೇ ಹೇಳುತ್ತ ನಗುತ್ತಿದ್ದರು. ಇವರನ್ನು ಕಂಡು ಫೋನಿಟ್ಟು, ಎದುರಿನ ಕುರ್ಚಿ ತೋರಿಸಿದರು.

"ಬನ್ನಿ ಬನ್ನಿ ಸೊಪ್ಪಮ್ಮ, ಕೂತ್ಕೊಳ್ಳಿ!"

ಇಷ್ಟು ವರ್ಷಗಳಲ್ಲಿ ಅವರು ಅವಳಿಗೆ ಕೂತ್ಕೊಳ್ಳಿ ಎಂದದ್ದು ಅದೇ ಮೊದಲು. ಕಾಲು ಆ ಕುರ್ಚಿಯನ್ನು ಬೇಡುತ್ತಿತ್ತು. ಅವಳು ಕೂರಲಿಲ್ಲ.

"ಸರ್," ಎಂದಳು, "ಅದು ಎಲೆಯಲ್ಲ. ನಾನು ಹಾರಿಸದೆ ಉಳಿಸಿದ ಆಲ್ಕೋಹಾಲು."