ನೆರೆಮನೆಯ ಬೆಕ್ಕು, ನನ್ನ ಹೆಬ್ಬಾವು

ಗಲ್ಫಿನಲ್ಲಿ, ಅಲ್ ಬರ್ಷಾದ ನಮ್ಮ ಫ್ಲಾಟಿನ ಚಿಕ್ಕ ಕೋಣೆಯಲ್ಲಿ ನಾನು ಮೂರು ವರ್ಷ ಒಂದು ಹೆಬ್ಬಾವು ಸಾಕಿದ್ದೆ. ಕೆಲಸ ಬಿಟ್ಟು ತನ್ನ ದೇಶಕ್ಕೆ ಹೊರಟ ಸಹೋದ್ಯೋಗಿಯೊಬ್ಬ ಕೊಟ್ಟುಹೋದದ್ದು. ಅದರ ಕಾಗದಪತ್ರ ಎಲ್ಲಿ ಎಂದು ಕೇಳಬೇಕಿತ್ತು, ಕೇಳಲಿಲ್ಲ. ಬಂದಾಗ ಮೊಳದುದ್ದ ಇದ್ದದ್ದು ಏಳಡಿ ಬೆಳೆಯಿತು. ಹಾವು ಎಂದರೆ ಕೈಮುಗಿದು ದೂರ ಸರಿಯುವ ಧಾರವಾಡದ ಮನೆಯಲ್ಲಿ ಬೆಳೆದವನು ನಾನು. ಅದು ಹೆಗಲ ಮೇಲೆ ತಣ್ಣಗೆ ಹರಿಯುವಾಗ ನನಗಾಗುತ್ತಿದ್ದ ಹೆಮ್ಮೆ ಹೇಳತೀರದು.

ಶಿಸ್ತೂ ಇತ್ತು. ಗಾಜಿನ ಪೆಟ್ಟಿಗೆಗೆ ಎರಡು ಚಿಲಕ, ಕೋಣೆಗೆ ಬೇರೆ ಬೀಗ. ಜೀವಂತ ಪ್ರಾಣಿಯನ್ನು ಎಂದೂ ಕೊಟ್ಟವನಲ್ಲ. ಫ್ರೀಜರಿನ ಇಲಿಯನ್ನು ಬಿಸಿನೀರಿನಲ್ಲಿಟ್ಟು, ಇಕ್ಕಳದಲ್ಲಿ ಹಿಡಿದು ಒಡ್ಡುತ್ತಿದ್ದೆ. ಬೇರೆ ಪ್ರಾಣಿಯನ್ನು ಮುಟ್ಟಿದ ಕೈಯನ್ನು ತೊಳೆಯದೆ ಹಾವಿನ ಹತ್ತಿರ ಹೋಗಬಾರದು, ವಾಸನೆ ಹಿಡಿದು ಕೈಯನ್ನೇ ಊಟವೆಂದುಕೊಳ್ಳುತ್ತದೆ. ಇದನ್ನೆಲ್ಲ ಹತ್ತು ವರ್ಷದ ಮಗಳಿಗೆ ಮಗ್ಗಿಯಂತೆ ಕಲಿಸಿದ್ದೆ.

ಎದುರು ಫ್ಲಾಟಿನಲ್ಲಿ ಮಂಗಳೂರು ಕಡೆಯ ಬ್ಯಾರಿ ದಂಪತಿ ಇದ್ದರು. ಮಕ್ಕಳು ಓದಲು ಊರು ಸೇರಿದ ಮೇಲೆ ಆ ತಾಯಿಯ ಅಕ್ಕರೆಯೆಲ್ಲ ಕೇಸರಿ ಬಣ್ಣದ ಒಂದು ಮುದಿ ಬೆಕ್ಕಿನ ಮೇಲೆ. ಊರಿಗೆ ಹೊರಡುವ ಮುಂಚೆ ಅದನ್ನು ಎತ್ತಿಕೊಂಡು ಬಂದರು.

"ಮೂರು ವಾರ ನಿಮ್ಮಲ್ಲಿ ಬಿಡ್ಬಹುದಾ? ಹಾವು ಉಂಟಲ್ಲ ನಿಮ್ಮಲ್ಲಿ, ಎಂತದೂ ಆಗ್ಲಿಕ್ಕಿಲ್ಲ ಅಲ್ವಾ?"

"ಎರಡು ಚಿಲಕ ಅದಾವ್ರೀ, ರೂಮೂ ಬ್ಯಾರೆ. ಏನೂ ಆಗಂಗಿಲ್ಲ, ಬಿಟ್ಟು ಹೋಗ್ರಿ," ಎಂದೆ. ಬೇಡ ಅನ್ನಬಹುದಿತ್ತು. ನನ್ನ ಹಾವನ್ನು ಕಂಡು ಯಾರಾದರೂ ಹೆದರಿದರೆ ನನಗೆ ಅವಮಾನವಾದಂತಾಗುತ್ತಿತ್ತು.

ಹೆಂಡತಿ ಆಗ ಎರಡು ತಿಂಗಳು ತಂಗಿಯ ಬಾಣಂತನಕ್ಕೆಂದು ಹುಬ್ಬಳ್ಳಿಯಲ್ಲಿದ್ದಳು. ಎರಡನೆಯ ಶನಿವಾರ ಮಧ್ಯಾಹ್ನ ಮಗಳನ್ನು ಡ್ರಾಯಿಂಗ್ ಕ್ಲಾಸಿಗೆ ಬಿಟ್ಟು ಬಂದು ಹಾವಿಗೆ ಇಲಿ ಒಡ್ಡಿದೆ. ಅಂಥ ದಿನ ಬೆಕ್ಕನ್ನು ಬೆಡ್‌ರೂಮಿನಲ್ಲಿ ಕೂಡಿಹಾಕುವುದು ನಾನೇ ಮಾಡಿದ ನಿಯಮ. ಅವತ್ತು ಅದು ಸೋಫಾ ಮೇಲೆ ಗಾಢವಾಗಿ ಮಲಗಿತ್ತು, ಎಬ್ಬಿಸಲು ಮನಸ್ಸಾಗಲಿಲ್ಲ. ಹಾವು ಇಲಿಯನ್ನು ಮುಟ್ಟಲಿಲ್ಲ. ಹಸಿದೇ ಇತ್ತು, ತಲೆ ಎತ್ತಿ ಬಾಗಿಲ ಕಡೆಗೇ ನೋಡುತ್ತಿತ್ತು. ಅಷ್ಟರಲ್ಲಿ ಅಲ್ ಕೂಜ್‌ನಿಂದ ಫೋನು. ನಾನು ಕೆಲಸ ಮಾಡುವ ಕೋಲ್ಡ್ ಸ್ಟೋರೇಜಿನ ಕಂಪ್ರೆಸರ್ ನಿಂತಿತ್ತು. ಮಾತಾಡುತ್ತಲೇ ಒಂದು ಚಿಲಕ ಹಾಕಿದೆ. ಇನ್ನೊಂದನ್ನು ಹಾಕಲಿಲ್ಲ. ಕೋಣೆಯ ಬಾಗಿಲು ಎಳೆದೆ, ಪೂರ್ತಿ ಮುಚ್ಚಿತೇ ಎಂದು ನೋಡದೆ, ಬೀಗವನ್ನೂ ಹಾಕದೆ ಅಲ್ಲಿಗೆ ಓಡಿದೆ.

ಸಂಜೆ ಮಗಳನ್ನು ಕರೆದುಕೊಂಡು ಬಂದಾಗ ಮೊದಲು ಒಳಗೆ ಹೋದವಳು ಅವಳೇ. ಕೂಗಲಿಲ್ಲ. "ಅಪ್ಪಾ," ಎಂದಳು, ಅಷ್ಟೇ. ಸೋಫಾದ ಕೆಳಗೆ ಹಾವು ಸುತ್ತಿಕೊಂಡಿತ್ತು, ಸುರುಳಿಯ ನಡುವೆ ಕೇಸರಿ ಬಾಲ ಕಾಣುತ್ತಿತ್ತು. ಬಾಲದ ತುದಿಯಿಂದ ಒಂದೊಂದೇ ಸುತ್ತು ಬಿಡಿಸಿದೆ. ಬೆಕ್ಕಿನ ಮೈ ಇನ್ನೂ ಬೆಚ್ಚಗಿತ್ತು, ಉಸಿರಿರಲಿಲ್ಲ.

ಹಾವನ್ನು ಪೆಟ್ಟಿಗೆಗೆ ಸೇರಿಸಿ, ಬೆಕ್ಕನ್ನು ಟವೆಲಿನಲ್ಲಿ ಸುತ್ತಿ, ನಮ್ಮ ಗೋದಾಮಿನ ಹಿಂದಿನ ಮರಳಿನಲ್ಲಿ ಹೂತೆ. ಮಗಳು ಕಾರಿನಲ್ಲೇ ಕೂತಿದ್ದಳು.

"ಆಂಟಿ ಕೇಳಿದರ, ಬಾಗಿಲು ತೆಗೆದಾಗ ಓಡಿಹೋತು ಅನ್ನೂಣು," ಎಂದೆ.

"ಬಟ್ ದಟ್ಸ್ ಅ ಲೈ, ಅಪ್ಪಾ."

"ಹಾವಿನ ಪೇಪರ್ ಇಲ್ಲ ನನ್ನ ಹತ್ರ. ಯಾರರೇ ಕಂಪ್ಲೇಂಟ್ ಕೊಟ್ರ ವೀಸಾಕ್ಕ ಬರತೈತಿ," ಎಂದೆ. ಹತ್ತು ವರ್ಷದವಳ ತಲೆಯ ಮೇಲೆ ಆ ಹೆದರಿಕೆಯನ್ನೂ ಹೇರಿದೆ.

ಎದುರು ಫ್ಲಾಟಿನಾಕೆ ಊರಿನಿಂದ ಬಂದರು. ಬೆಕ್ಕು ಓಡಿಹೋಯಿತೆಂದು ನಾನು ಹೇಳಿದ್ದನ್ನು ಹಾಗೆಯೇ ನಂಬಿದರು. ಹಾವಿನ ಮಾತೇ ಎತ್ತಲಿಲ್ಲ. ಅಂದಿನಿಂದ ದಿನಾ ಸಂಜೆ ಮೀನಿನ ತಟ್ಟೆ ಹಿಡಿದು ಪಾರ್ಕಿಂಗಿನಲ್ಲಿ, ಮೆಟ್ಟಿಲುಗಳಲ್ಲಿ ಬೆಕ್ಕನ್ನು ಕರೆಯುತ್ತಾ ಓಡಾಡಿದರು. ಆ ದನಿ ನಮ್ಮ ಅಡುಗೆಮನೆಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಎರಡು ವಾರ ಕಳೆದ ಮೇಲೆ ಒಂದು ಸಂಜೆ ಮಗಳು ಊಟದ ತಟ್ಟೆ ಸರಿಸಿ, "ಅವರು ಕರೀತಾ ಇದ್ದಾರೆ, ಐ ಕಾಂಟ್ ಈಟ್," ಎಂದು ಅತ್ತಳು.

ನಾನು ಎದ್ದು ಹೋಗಿ, ಮೆಟ್ಟಿಲ ಮೇಲೆಯೇ ಆಕೆಗೆ ಎಲ್ಲವನ್ನೂ ಹೇಳಿದೆ. ಆಕೆ ತಟ್ಟೆಯನ್ನು ಕೆಳಗಿಟ್ಟು ಕೂತರು.

"ಹಾವು ಮಾಡಿದ್ದಕ್ಕೆ ನಾನು ಎಂತ ಹೇಳುದು? ಅದು ಪ್ರಾಣಿ," ಎಂದರು. ಆಮೇಲೆ, "ಇಷ್ಟು ದಿವಸ ನಾನು ಕರೀತಾ ಇದ್ದೆ. ನೀವು ಕೇಳಿಸ್ಕೊಂಡು ಒಳಗೆ ಕೂತಿದ್ರಿ, ಅಲ್ವಾ?"

ಮರುವಾರ ನಾನೇ ಸರಕಾರಿ ಸಹಾಯವಾಣಿಗೆ ಫೋನ್ ಮಾಡಿ ಹಾವನ್ನು ಒಪ್ಪಿಸಿದೆ. ಬಂದವರು ನಾಲ್ಕು ಪ್ರಶ್ನೆ ಕೇಳಿ, ಸಹಿ ಹಾಕಿಸಿಕೊಂಡು, ಚೀಲದಲ್ಲಿ ಒಯ್ದರು. ನಾನು ಹೆದರಿದ್ದೇನೂ ಆಗಲಿಲ್ಲ.

ಆಕೆ ಕೇಳಿದ್ದು ಒಂದೇ, ಹೂತ ಜಾಗ ತೋರಿಸಿ ಎಂದು. ಕರೆದುಕೊಂಡು ಹೋದೆ. ಅಷ್ಟರಲ್ಲಿ ಗೋದಾಮಿನ ಹಿಂದಿನ ಮರಳನ್ನು ಬುಲ್ಡೋಜರ್ ಸಮ ಮಾಡಿತ್ತು. ಲಾರಿ ಚಕ್ರದ ಗುರುತುಗಳ ಹೊರತು ಏನೂ ಇರಲಿಲ್ಲ. "ಎಲ್ಲಿ?" ಎಂದರು. ಬೇಲಿಯ ಪಕ್ಕದ ಒಂದು ಕಡೆಗೆ ಕೈ ತೋರಿಸಿದೆ. ಆಕೆ ಅಲ್ಲಿ ಕೂತು, ಮರಳನ್ನು ಅಂಗೈಯಿಂದ ಸವರಿ, ತುಟಿಯಲ್ಲೇ ಏನೋ ಹೇಳಿಕೊಂಡರು.

ಅದೇ ಜಾಗವೋ ಅಲ್ಲವೋ, ನನಗೆ ಗೊತ್ತಿರಲಿಲ್ಲ.